ದಣಿದ ಸಭಾಪಾಲಕರಿಗೆ: ವಿಶ್ರಾಂತಿ, ಆಪ್ತರ ಸಲಹೆ ಮತ್ತು ಹೊಣೆ ಹಂಚಿಕೆಗೆ ಒಂದು ಮಾರ್ಗದರ್ಶಿ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಸೇವೆ ಮಾಡುತ್ತಿರುವ ಸಭಾಪಾಲಕರು, ಅವರ ಮನೆಯವರು ಮತ್ತು ಸಭೆಯ ಹಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ದೇವರ ಕರೆಯನ್ನು ನಂಬಿ ಬಂದವರಿಗೆ ಆ ಸೇವೆಯೇ ಹೊರಲಾರದ ಭಾರವೆನಿಸತೊಡಗಿದರೆ ಏನು ಮಾಡಬೇಕು? ಇನ್ನಷ್ಟು ಪ್ರಾರ್ಥಿಸಿ, ಇನ್ನಷ್ಟು ಉಪವಾಸ ಮಾಡಿ ಎಂಬ ಉತ್ತರ ಅವರಿಗೆ ಈಗಾಗಲೇ ಸಿಕ್ಕಿರುತ್ತದೆ. ಪ್ರಾರ್ಥನೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಾರದ ಏಳು ದಿನವೂ ಬಿಡುವಿಲ್ಲದೆ, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರೂ ಇಲ್ಲದೆ, ಕಾಣಿಕೆಯ ಲೆಕ್ಕದಿಂದ ಹಿಡಿದು ಮೈಕ್ ರಿಪೇರಿಯವರೆಗೆ ಎಲ್ಲವನ್ನೂ ತಾವೇ ಹೊತ್ತುಕೊಂಡಿರುವವರಿಗೆ ಆ ಉತ್ತರವೊಂದೇ ಸಾಲದು.

ಎಫೆಸದ ಸಭೆಯ ಹಿರಿಯರಿಗೆ ಪೌಲನು ಕೊಟ್ಟ ಬುದ್ಧಿಮಾತಿನಲ್ಲಿ (ಅಪೊಸ್ತಲರ ಕೃತ್ಯಗಳು 20:28) ಮೊದಲು ತಮ್ಮ ವಿಷಯದಲ್ಲಿ, ಆಮೇಲೆ ಹಿಂಡಿನ ವಿಷಯದಲ್ಲಿ ಎಚ್ಚರಿಕೆಯಿಂದಿರಬೇಕೆಂಬ ಕ್ರಮವಿದೆ. ಆ ಮಾತನ್ನು ಅವನು ಒಬ್ಬ ಪಾಲಕನಿಗೆ ಹೇಳಲಿಲ್ಲ. ಹಿರಿಯರೆಲ್ಲರನ್ನೂ ಕರೆಸಿ ಹೇಳಿದನು. ಈ ಲೇಖನದ ಆಧಾರವೂ ಅದೇ. ಪಾಲಕರೊಬ್ಬರು ಎಷ್ಟೇ ದೃಢಮನಸ್ಸಿನವರಾದರೂ ತಮ್ಮ ವಿಶ್ರಾಂತಿಯನ್ನೂ ತಮ್ಮ ನಡತೆಯನ್ನೂ ಏಕಾಂಗಿಯಾಗಿ ಕಾಯ್ದುಕೊಳ್ಳಲಾರರು. ಅದನ್ನು ಬೇರೆಯವರೊಡನೆ ಸೇರಿ, ಬರವಣಿಗೆಯಲ್ಲಿ, ಒಂದು ಏರ್ಪಾಡಾಗಿ ಮಾಡಿಕೊಳ್ಳಬೇಕು.

ಆರಂಭಿಸುವ ಮೊದಲು

ನಿಮಗೆ ಬೇಕಾದದ್ದು ಒಂದು ನೋಟ್‌ಪುಸ್ತಕ, ಸುಮಾರು ಆರು ತಿಂಗಳ ಕಾಲಾವಕಾಶ ಮತ್ತು ನಿಮ್ಮ ಹಿತವನ್ನು ಬಯಸುವ ಒಬ್ಬಿಬ್ಬರು ಹಿರಿಯರ ಬೆಂಬಲ. ವಿವಾಹಿತರಾಗಿದ್ದರೆ ಮನೆಯವರೊಡನೆ ಮೊದಲು ಮಾತನಾಡಿ, ಏಕೆಂದರೆ ನಿಮ್ಮ ದಣಿವನ್ನು ನಿಮಗಿಂತ ಮೊದಲು ಕಂಡವರು ಅವರೇ ಆಗಿರುತ್ತಾರೆ. ಕ್ಯಾರಲ್ ತಿರುಗಾಟದ ಡಿಸೆಂಬರ್ ತಿಂಗಳಿನಲ್ಲಾಗಲಿ, ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನಗಳಲ್ಲಾಗಲಿ ಇದನ್ನು ಆರಂಭಿಸಬೇಡಿ. ಈಸ್ಟರ್ ಕಳೆದ ಮೇಲಿನ ತಿಂಗಳುಗಳು ಅನುಕೂಲ.

ದಕ್ಷಿಣ ಭಾರತ ಸಭೆಯಂತಹ ಸಂಘಟಿತ ಸಭೆಗಳಲ್ಲಿ ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯೂ ಮೇಲಧಿಕಾರಿಗಳೂ ಇರುತ್ತಾರೆ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಗುರುಗಳಿಗೆ ಪಾಲನಾ ಸಮಿತಿಯ ನೆರವು ಇರುತ್ತದೆ. ಬಾಡಿಗೆ ಮನೆಯಲ್ಲಿ ಸಭೆ ಆರಂಭಿಸಿ ತಾವೇ ಬೆಳೆಸಿದ ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಇವೆರಡೂ ಇರುವುದಿಲ್ಲ, ಆದ್ದರಿಂದ ಅವರಿಗೆ ಅಪಾಯವೂ ಹೆಚ್ಚು. ಅಂಥವರು ಸಭೆಯೊಳಗಿನ ಇಬ್ಬರನ್ನೂ ನೆರೆಯ ಸಭೆಯ ಒಬ್ಬ ಹಿರಿಯ ಪಾಸ್ಟರನ್ನೂ ಸೇರಿಸಿ ಮೂವರ ಒಂದು ಚಿಕ್ಕ ಮಂಡಳಿಯನ್ನು ಮಾಡಿಕೊಂಡ ಮೇಲೆಯೇ ಮುಂದಿನ ಹಂತಗಳಿಗೆ ಹೋಗಬೇಕು. ಮೂವರಲ್ಲಿ ಯಾರೂ ನಿಮ್ಮ ರಕ್ತಸಂಬಂಧಿಗಳಾಗಿರಬಾರದು.

1. ಎರಡು ವಾರದ ದಿನಚರಿಯನ್ನು ಇದ್ದಂತೆ ಬರೆಯಿರಿ

ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಾಡಿದ ಪ್ರತಿಯೊಂದು ಕೆಲಸವನ್ನೂ ಬರೆದಿಡಿ. ಪ್ರತಿ ಕೆಲಸದ ಮುಂದೆ ಮೂರು ಸಂಗತಿಗಳಿರಲಿ: ಎಷ್ಟು ಹೊತ್ತು ಹಿಡಿಯಿತು, ಅದನ್ನು ಕೇಳಿದವರು ಯಾರು, ನಿಮ್ಮ ಹೊರತು ಬೇರೆ ಯಾರಾದರೂ ಅದನ್ನು ಮಾಡಬಹುದಾಗಿತ್ತೇ. ದೂರವಾಣಿ ಕರೆಗಳನ್ನು ಬಿಡಬೇಡಿ. ಹಳ್ಳಿಗಳಲ್ಲಿ ಗದ್ದೆ ಕೆಲಸ ಮುಗಿಸಿ ಜನ ಮನೆಗೆ ಬರುವುದೇ ಕತ್ತಲಾದ ಮೇಲೆ. ಹಾಗಾಗಿ ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆ ಕುಟುಂಬ ಪ್ರಾರ್ಥನೆಗಳು ರಾತ್ರಿ ಎಂಟರ ನಂತರ ಆರಂಭವಾಗುತ್ತವೆ, ಪಾಲಕರು ಮನೆ ಸೇರುವಾಗ ಹತ್ತೂವರೆ ದಾಟಿರುತ್ತದೆ. ಆ ಪ್ರಯಾಣದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡು ವಾರದ ಪಟ್ಟಿಯನ್ನು ಒಟ್ಟಿಗೆ ಓದಿದಾಗ, ಪ್ರಸಂಗದ ಸಿದ್ಧತೆ ಮತ್ತು ವಾಕ್ಯ ಧ್ಯಾನಕ್ಕೆ ಸಿಕ್ಕ ಸಮಯಕ್ಕಿಂತ ಶಾಲಾ ದಾಖಲಾತಿಯ ಶಿಫಾರಸು, ಆಧಾರ್ ತಿದ್ದುಪಡಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು, ಸಮಾಧಿ ಜಾಗದ ತಕರಾರು ಇವುಗಳಿಗೇ ಹೆಚ್ಚು ಸಮಯ ಹೋಗಿರುವುದು ಕಾಣಬಹುದು. ನಮ್ಮ ಸೀಮೆಯಲ್ಲಿ ಇದಕ್ಕೆ ಚರಿತ್ರೆಯೇ ಇದೆ. 1799ರ ನಂತರ ಶ್ರೀರಂಗಪಟ್ಟಣದ ಸುತ್ತಮುತ್ತ ಸೇವೆ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಜನರಿಗೆ ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲೂ ತೊಡಗಿದ್ದರು. ಮೈಸೂರಿನಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಹೆಸರಾಗಿರುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದರು. ಶಾಲೆ, ಔಷಧಿ, ನ್ಯಾಯ ಎಲ್ಲಕ್ಕೂ ಅಯ್ಯನವರ ಬಳಿಗೇ ಹೋಗುವ ರೂಢಿ ಹೀಗೆ ಬೆಳೆಯಿತು. ಆ ನಂಬಿಕೆ ಬೆಲೆಯುಳ್ಳದ್ದು. ಆದರೆ ಮಿಷನ್ನಿನ ಸಿಬ್ಬಂದಿಯೆಲ್ಲ ಸೇರಿ ಹೊತ್ತ ಹೊಣೆಯನ್ನು ಇಂದು ಒಬ್ಬರ ಮೇಲೆ ಹೇರುವುದು ನ್ಯಾಯವಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಪಟ್ಟಿ ಚೆನ್ನಾಗಿ ಕಾಣಲೆಂದು ಆ ಎರಡು ವಾರ ಮಾತ್ರ ಹೆಚ್ಚು ಪ್ರಾರ್ಥಿಸುವುದು, ಹೆಚ್ಚು ಓದುವುದು. ಪಟ್ಟಿಯನ್ನು ನೋಡುವವರು ನೀವು ಮತ್ತು ನಿಮ್ಮ ಆಪ್ತರು ಮಾತ್ರ. ಇದ್ದದ್ದನ್ನು ಇದ್ದಂತೆ ಬರೆಯಿರಿ.

2. ದೇಹದ ದಣಿವೋ, ಸೇವೆಯ ದಣಿವೋ, ಕಾಯಿಲೆಯೋ ಎಂದು ತಿಳಿಯಿರಿ

ಎಲ್ಲ ಆಯಾಸಕ್ಕೂ ಆತ್ಮಿಕ ಕಾರಣ ಹುಡುಕುವುದು ಅಪಾಯಕರ. ಮೊದಲು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಪರೀಕ್ಷೆಗಳನ್ನು ಮಾಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಪ್ರಾರ್ಥನೆಗೆ ಕುಳಿತುಕೊಳ್ಳಬಾರದು. ಸಭೆಯ ಮುಂದೆ ಮಾದರಿಯಾಗಬೇಕೆಂಬ ಆಸೆಯಿಂದ ಪಾಲಕರೇ ಈ ವಿಷಯದಲ್ಲಿ ಹೆಚ್ಚು ತಪ್ಪುತ್ತಾರೆ.

ಸೇವೆಯ ದಣಿವು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ದಣಿವನ್ನು, ಅಂದರೆ ನಿಭಾಯಿಸಲಾಗದ ಕೆಲಸದ ಒತ್ತಡ ದೀರ್ಘಕಾಲ ಮುಂದುವರಿದಾಗ ಬರುವ ಬರ್ನೌಟ್ ಎಂಬ ಸ್ಥಿತಿಯನ್ನು, ಕಾಯಿಲೆಯೆಂದು ಕರೆಯದೆ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿತು. ಅದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಕಹಿ ಬೆಳೆಯುವುದು, ಏನು ಮಾಡಿದರೂ ಫಲವಿಲ್ಲವೆನಿಸುವುದು. ಪಾಲಕರಲ್ಲಿ ಎರಡನೆಯದು ಹೆಚ್ಚು ಮರೆಯಾಗಿರುತ್ತದೆ, ಏಕೆಂದರೆ ಅವರ ಬಾಯಲ್ಲಿ ಪ್ರೀತಿಯ ಮಾತುಗಳು ಅಭ್ಯಾಸದಿಂದಲೇ ಬರುತ್ತಿರುತ್ತವೆ. ಯಾರಾದರೂ ಬಾಗಿಲು ತಟ್ಟಿದಾಗ ಒಳಗೊಳಗೇ ಸಿಟ್ಟು ಬರುತ್ತಿದ್ದರೆ, ಶವಸಂಸ್ಕಾರದಲ್ಲಿ ಕಣ್ಣೀರಿಡುವವರ ಮುಂದೆ ನಿಂತರೂ ಮನಸ್ಸು ಮರಗಟ್ಟಿದ್ದರೆ, ಅದನ್ನು ಲಘುವಾಗಿ ಎಣಿಸಬೇಡಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ಯಾವುದರಲ್ಲೂ ಸಂತೋಷವಿಲ್ಲದಿರುವುದು ಕಂಡರೆ ಅಥವಾ ಸಾಯುವ ಯೋಚನೆ ಬಂದರೆ, ಈ ಮಾರ್ಗದರ್ಶಿಯನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿಯೂ ಮನೋರೋಗ ವಿಭಾಗಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಇದು ಅಪನಂಬಿಕೆಯಾಗುವುದಿಲ್ಲವೇ ಎಂದು ಕೇಳುವವರು ಅರಸುಗಳು ಪ್ರಥಮ ಭಾಗದ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಸಾವನ್ನೇ ಬೇಡಿಕೊಂಡ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ಎಲೀಯನು ಮಲಗಿದನು, ರೊಟ್ಟಿಯನ್ನು ತಿಂದು ನೀರು ಕುಡಿದನು, ಮತ್ತೆ ಮಲಗಿದನು, ಮತ್ತೆ ತಿಂದನು. ದೇವರು ಅವನನ್ನು ಪ್ರಶ್ನಿಸಿದ್ದು ಅದೆಲ್ಲ ಆದ ಮೇಲೆ, ಹೋರೇಬಿನಲ್ಲಿ. ಆ ಅಧ್ಯಾಯ ಮುಗಿಯುವುದರೊಳಗೆ ಎಲೀಷನೆಂಬ ಸಂಗಡಿಗನೂ ಅವನಿಗೆ ದೊರೆತನು.

3. ವಾರದ ಬಿಡುವನ್ನು ಕಮಿಟಿಯ ತೀರ್ಮಾನವಾಗಿ ಮಾಡಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸೋಮವಾರ ಬಿಡುವು ತೆಗೆದುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ ಪಾಲಕರ ಬಿಡುವು ಮೂರನೆಯ ವಾರಕ್ಕೆ ಮಾಯವಾಗುತ್ತದೆ. ಕರೆ ಬಂದಾಗ ಇಲ್ಲವೆನ್ನಬೇಕಾದವರು ಅವರೇ ಆಗಿರುತ್ತಾರೆ, ಮತ್ತು ಇಲ್ಲವೆನ್ನುವುದು ಅವರ ಸ್ವಭಾವದಲ್ಲೇ ಇರುವುದಿಲ್ಲ. ಆದ್ದರಿಂದ ತೀರ್ಮಾನ ನಿಮ್ಮದಾಗಿರಬಾರದು.

ಎರಡು ವಾರದ ದಿನಚರಿಯ ಸಾರಾಂಶವನ್ನು ಕಮಿಟಿಯ ಮುಂದಿಡಿ. ವಾರದಲ್ಲಿ ಒಂದು ಇಡೀ ದಿನ, ಬೆಳಗಿನಿಂದ ಮರುದಿನ ಬೆಳಗಿನವರೆಗೆ, ಪಾಲಕರಿಗೆ ಬಿಡುವು ಎಂಬ ನಿರ್ಣಯ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಕಾರ್ಯದರ್ಶಿಗಳ ಸಹಿ ಬೀಳಲಿ. ಮುಂದಿನ ಭಾನುವಾರದ ಆರಾಧನೆಯಲ್ಲಿ ಅದನ್ನು ಪ್ರಕಟಿಸುವವರು ಸಭೆಯ ಹಿರಿಯರೊಬ್ಬರಾಗಿರಲಿ. ನೀವೇ ಪ್ರಕಟಿಸಿದರೆ ಅದು ಕೋರಿಕೆಯಂತೆ ಕೇಳಿಸುತ್ತದೆ. ಆ ದಿನದ ಕರೆಗಳನ್ನು ಯಾವ ಹಿರಿಯರು ಸ್ವೀಕರಿಸುತ್ತಾರೆ ಎಂಬುದೂ ಅದೇ ಪ್ರಕಟಣೆಯಲ್ಲಿರಲಿ.

ತುರ್ತು ಯಾವುದು ಎಂಬುದನ್ನು ಮೊದಲೇ ಬರೆದಿಡಿ. ಮರಣ, ಅಪಘಾತ, ಗಂಭೀರ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿಸಿರುವುದು, ಪ್ರಾಣ ಕಳೆದುಕೊಳ್ಳುತ್ತೇನೆಂದು ಯಾರಾದರೂ ಹೇಳಿರುವುದು, ಮಗುವಿಗೆ ಅಥವಾ ಮಹಿಳೆಗೆ ಮನೆಯಲ್ಲಿ ಹಿಂಸೆಯಾಗುತ್ತಿರುವುದು, ಇವು ತುರ್ತು. ಹುಟ್ಟುಹಬ್ಬದ ಪ್ರಾರ್ಥನೆ, ದೀಕ್ಷಾಸ್ನಾನದ ಪ್ರಮಾಣಪತ್ರ, ಗಾಯನ ತಂಡದಲ್ಲಿನ ಮುನಿಸು ಮಂಗಳವಾರದವರೆಗೆ ಕಾಯಬಹುದು. ತುರ್ತಿಗಾಗಿ ಬಿಡುವು ಮುರಿದರೆ ಅದೇ ವಾರದಲ್ಲಿ ಬೇರೆ ದಿನವನ್ನು ತೆಗೆದುಕೊಳ್ಳುವುದು ನಿಮ್ಮ ಕರ್ತವ್ಯವೆಂದು ನಿರ್ಣಯದಲ್ಲಿಯೇ ಇರಲಿ. ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಶಿಷ್ಯರಿಗೆ ವಿಶ್ರಾಂತಿ ಕೊಡಿಸಲು ಯೇಸು ಅವರನ್ನು ಅಡವಿಯ ಸ್ಥಳಕ್ಕೆ ಕರೆದುಕೊಂಡು ಹೋಗುತ್ತಾನೆ, ಜನರು ಅಲ್ಲಿಗೂ ಓಡಿಬರುತ್ತಾರೆ, ಆತನು ಅವರನ್ನು ಕಂಡು ಕನಿಕರಪಡುತ್ತಾನೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ: ಅದೇ ಸಂಜೆ ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಕಳುಹಿಸಿಕೊಟ್ಟು, ತಾನು ಪ್ರಾರ್ಥನೆಗಾಗಿ ಬೆಟ್ಟಕ್ಕೆ ಹೋಗುತ್ತಾನೆ. ಮುರಿದುಹೋದ ಏಕಾಂತವನ್ನು ಆತನು ಕೈಬಿಡಲಿಲ್ಲ.

ಪಾಲಕರ ವಸತಿಗೃಹ ಚರ್ಚಿನ ಆವರಣದಲ್ಲಿಯೇ ಇದ್ದರೆ, ಬಿಡುವಿನ ದಿನ ಕೆಲವು ಗಂಟೆಗಳಾದರೂ ಹೊರಗೆ ಹೋಗಿ. ಗೇಟು ತೆರೆದ ಸದ್ದು ಕೇಳಿದೊಡನೆ ಏಳುವ ದೇಹಕ್ಕೆ ಆ ಆವರಣದೊಳಗೆ ವಿಶ್ರಾಂತಿಯಿಲ್ಲ. ಮನೆಯವರ ಜೊತೆ ಕಾರಂಜಿ ಕೆರೆಯ ದಂಡೆಗೋ, ರಂಗನತಿಟ್ಟಿಗೋ, ಬಂಧುಗಳ ತೋಟಕ್ಕೋ ಹೋಗುವುದು ಸೇವೆಯ ನಿರ್ಲಕ್ಷ್ಯವಲ್ಲ. ಸಭೆಯವರು ಅಮ್ಮನವರು ಎಂದು ಗೌರವಿಸುವ ಪಾಲಕರ ಪತ್ನಿಗೂ ಅದು ಬಿಡುವಿನ ದಿನವೇ ಆಗಬೇಕು. ಪಾಲಕರು ಮಲಗಿರುವಾಗ ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟು ಸಮಾಧಾನ ಹೇಳುವ ಹೊಣೆ ಅವರ ಮೇಲೆ ಬಿದ್ದರೆ ಭಾರ ಕೈ ಬದಲಾಯಿಸಿತೇ ಹೊರತು ಇಳಿಯಲಿಲ್ಲ. ಮಹಿಳಾ ಪಾಲಕರ ವಿಷಯದಲ್ಲಿ ಕಮಿಟಿ ಇನ್ನೂ ಎಚ್ಚರ ವಹಿಸಬೇಕು, ಏಕೆಂದರೆ ಸಭೆಯ ಕೆಲಸ ನಿಂತ ದಿನ ಅಡುಗೆಮನೆಯ ಕೆಲಸ ತಾನಾಗಿ ನಿಲ್ಲುವುದಿಲ್ಲ.

ಬಿಡುವಿನ ದಿನವನ್ನು ಪ್ರಸಂಗ ಬರೆಯಲು ಬಳಸಬೇಡಿ. ಅದಕ್ಕೆ ಬೇರೆ ಬೆಳಗಿನ ಹೊತ್ತುಗಳನ್ನು ಗೊತ್ತುಮಾಡಿಕೊಳ್ಳಿ.

4. ನಿಮ್ಮ ಮಾತನ್ನು ಕೇಳಿಸಿಕೊಳ್ಳುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ

ಇಡೀ ಸಭೆಯ ಗುಟ್ಟುಗಳನ್ನು ಹೊತ್ತಿರುವ ಪಾಲಕರಿಗೆ ತಮ್ಮದೇ ಭಯ, ಶೋಧನೆ, ಸೋಲುಗಳನ್ನು ಹೇಳಿಕೊಳ್ಳಲು ಸ್ಥಳವಿರುವುದಿಲ್ಲ. ಪಾಲಕರ ಪತನಗಳಿಗೆ ಈ ಒಂಟಿತನವೇ ದೊಡ್ಡ ಕಾರಣವೆಂದು ನಾನು ದೃಢವಾಗಿ ನಂಬುತ್ತೇನೆ.

ನೀವು ಆರಿಸಿಕೊಳ್ಳುವವರು ನಿಮ್ಮ ಸಭೆಯವರಾಗಿರಬಾರದು, ನಿಮ್ಮ ವರ್ಗಾವಣೆ ಅಥವಾ ಸಂಬಳದ ಮೇಲೆ ಅಧಿಕಾರವುಳ್ಳವರಾಗಿರಬಾರದು, ನಿಮ್ಮನ್ನು ಕಂಡು ಬೆರಗಾಗುವವರೂ ಆಗಿರಬಾರದು. ನಿವೃತ್ತ ಪಾಲಕರು, ಬೇರೆ ಸಭಾಪಂಗಡದ ಅನುಭವಿಗಳು, ಅಥವಾ ಆಪ್ತಸಮಾಲೋಚನೆಯಲ್ಲಿ, ಎಂದರೆ ಗುಟ್ಟು ಕಾಯ್ದುಕೊಂಡು ಮಾತಿನ ಮೂಲಕ ದಾರಿ ತೋರುವ ಕೆಲಸದಲ್ಲಿ, ತರಬೇತಿ ಪಡೆದವರು ಸೂಕ್ತ. ಅವರು ಬೇರೆ ಊರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಮೈಸೂರು–ಬೆಂಗಳೂರು ಮಾರ್ಗದ ಪ್ಯಾಸೆಂಜರ್ ರೈಲುಗಳು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರುಗಳಲ್ಲಿ ನಿಲ್ಲುವುದರಿಂದ ತಿಂಗಳಿಗೊಮ್ಮೆ ಹೋಗಿಬರುವುದು ಕಷ್ಟವಲ್ಲ.

ಭೇಟಿಗೆ ದಿನಾಂಕವನ್ನೂ ಪ್ರಶ್ನೆಗಳನ್ನೂ ಮೊದಲೇ ನಿಗದಿಪಡಿಸಿ. ಈ ತಿಂಗಳು ಪ್ರಸಂಗಕ್ಕಲ್ಲದೆ ನಿಮಗಾಗಿ ವಾಕ್ಯವನ್ನು ಓದಿದಿರಾ? ಯಾರ ಮೇಲೆ ಕೋಪವಿದೆ? ಯಾರ ಜೊತೆ ಒಬ್ಬರೇ ಇರಲು ಕಾರಣ ಹುಡುಕುತ್ತಿದ್ದೀರಿ? ಮೊಬೈಲಿನಲ್ಲಿ ಯಾರಿಗೂ ತೋರಿಸಲಾಗದ್ದು ಏನಿದೆ? ಸಾಲವೆಷ್ಟಿದೆ? ಇಂಥ ಪ್ರಶ್ನೆಗಳನ್ನು ಅವರು ಕೇಳಲೇಬೇಕೆಂದು ನೀವೇ ಬರೆದುಕೊಡಿ, ಏಕೆಂದರೆ ನಮ್ಮಲ್ಲಿ ಅಯ್ಯನವರನ್ನು ಹೀಗೆ ಕೇಳುವುದು ಅಗೌರವವೆಂದು ಜನ ಹಿಂಜರಿಯುತ್ತಾರೆ.

ಪಾಲಕರ ವಾಟ್ಸ್‌ಆ್ಯಪ್ ಗುಂಪು ಇದಕ್ಕೆ ಬದಲಿಯಾಗಲಾರದು. ಇಬ್ಬರು ಪಾಲಕರು ಕೂಡಿದಾಗ ಮಾತು ವರ್ಗಾವಣೆಯ ಕಡೆಗೂ ಚುನಾವಣೆಯ ಕಡೆಗೂ ಹರಿಯುವುದು ಸಹಜ; ಮೊದಲ ಒಂದು ಗಂಟೆ ಆ ವಿಷಯಗಳಿಗೆ ಪ್ರವೇಶವಿಲ್ಲವೆಂದು ಒಪ್ಪಂದ ಮಾಡಿಕೊಳ್ಳಿ.

ಗುಟ್ಟಿಗೂ ಒಂದು ಮಿತಿಯಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮಾನಕ್ಕಾಗಿ ಅದನ್ನು ಒಳಗೇ ಬಗೆಹರಿಸಲು ಹೊರಡುವುದು ಮಗುವಿಗೂ ಕಾನೂನಿಗೂ ದೇವರಿಗೂ ಮಾಡುವ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

5. ಕೆಲಸವನ್ನು ಹೆಸರು ಹಿಡಿದು ಹಂಚಿ

ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕುಳಿತ ಮೋಶೆಗೆ, ಹೀಗಾದರೆ ನೀನೂ ಬಳಲುವಿ, ಜನರೂ ಬಳಲುವರು ಎಂಬ ಅರ್ಥದ ಎಚ್ಚರಿಕೆ ಕೊಟ್ಟವನು ಅವನ ಮಾವ ಇತ್ರೋ. ಮೋಶೆಯಿಂದ ದೂರವಿದ್ದ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆತಂದವನು ಅವನೇ ಎಂಬುದನ್ನು ನಾವು ಓದಿ ಮುಂದೆ ಸಾಗಿಬಿಡುತ್ತೇವೆ. ಅವನ ಸಲಹೆ ಸ್ಪಷ್ಟವಾಗಿತ್ತು: ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ನಂಬಿಗಸ್ತರನ್ನು ನೇಮಿಸು, ಕಠಿಣವಾದ ವ್ಯಾಜ್ಯಗಳು ಮಾತ್ರ ನಿನ್ನ ಬಳಿಗೆ ಬರಲಿ.

ದಿನಚರಿಯಲ್ಲಿ ಬೇರೆಯವರು ಮಾಡಬಹುದಾಗಿತ್ತು ಎಂದು ಗುರುತಿಸಿದ ಕೆಲಸಗಳಿಂದ ಮೊದಲು ಮೂರನ್ನು ಮಾತ್ರ ಆರಿಸಿ. ಆಸ್ಪತ್ರೆ ಭೇಟಿಗೆ ಇಬ್ಬರು, ಅರ್ಜಿ ಮತ್ತು ದಾಖಲೆ ಪತ್ರಗಳಿಗೆ ಒಬ್ಬ ನಿವೃತ್ತ ನೌಕರರು, ದೂರದ ಬಡಾವಣೆಯ ಕುಟುಂಬ ಪ್ರಾರ್ಥನೆಗೆ ಒಬ್ಬ ಹಿರಿಯರು ಎಂಬಂತೆ ಹೆಸರು ಹಿಡಿದು ಒಪ್ಪಿಸಿ. ಯಾರಾದರೂ ಮುಂದೆ ಬನ್ನಿ ಎಂದು ಭಾನುವಾರ ಸಾರಿದರೆ ಯಾರೂ ಬರುವುದಿಲ್ಲ. ಹೊಸಬರನ್ನು ಮೊದಲ ಎರಡು ಬಾರಿ ನಿಮ್ಮ ಜೊತೆ ಕರೆದುಕೊಂಡು ಹೋಗಿ, ಮೂರನೆಯ ಬಾರಿ ನೀವು ಹೋಗಬೇಡಿ. ಅಯ್ಯನವರೇ ಬರಲಿಲ್ಲ ಎಂದು ಒಬ್ಬರಾದರೂ ಬೇಸರಪಡುತ್ತಾರೆ. ಆ ಬೇಸರವನ್ನು ಸರಿಪಡಿಸಲು ನೀವು ಓಡಿಹೋದರೆ ಆ ಕೆಲಸ ಮತ್ತೆ ನಿಮ್ಮದಾಗುತ್ತದೆ. ಪಾಲಕರ ಬದಲು ಹೋದವರ ಪ್ರಾರ್ಥನೆಯೂ ಸಭೆಯ ಪ್ರಾರ್ಥನೆಯೇ ಎಂದು ಕಮಿಟಿಯವರು ಹೋಗಿ ತಿಳಿಹೇಳಲಿ.

6. ಕಾಣಿಕೆಯ ಹಣವನ್ನು ನಿಮ್ಮ ಕೈಯಿಂದ ದೂರವಿಡಿ

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (8:20-21) ಪೌಲನು ಧರ್ಮದ ಹಣವನ್ನು ಒಯ್ಯುವಾಗ ಇತರರನ್ನೂ ಜೊತೆಗೆ ಸೇರಿಸಿಕೊಂಡಿದ್ದಕ್ಕೆ ಕಾರಣ ಕೊಡುತ್ತಾನೆ: ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ಕಾಣಿಕೆಯನ್ನು ಇಬ್ಬರು ಎಣಿಸಿ ಸಹಿ ಹಾಕಲಿ, ಸಭೆಯ ಹೆಸರಿನಲ್ಲಿರುವ ಖಾತೆಗೆ ಸೋಮವಾರವೇ ಕಟ್ಟಲಿ, ಖಾತೆಗೆ ಜಂಟಿ ಸಹಿ ಇರಲಿ. ಇಂದು ಹೆಚ್ಚು ತೊಂದರೆಯಾಗುತ್ತಿರುವುದು ಚರ್ಚಿನ ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಪಾಸ್ಟರರ ಸ್ವಂತ ಖಾತೆಗೆ ಸೇರಿರುವುದರಿಂದ. ನಿಮ್ಮ ಉದ್ದೇಶ ಎಷ್ಟೇ ಶುದ್ಧವಾಗಿರಲಿ, ಮುಂದೊಂದು ದಿನ ಯಾವ ಮೊತ್ತ ಸಭೆಯದು, ಯಾವುದು ಮನೆಯದು ಎಂದು ಸಾಬೀತುಮಾಡಲು ಆಗುವುದಿಲ್ಲ. ಸ್ವತಂತ್ರ ಸಭೆಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅಥವಾ ಟ್ರಸ್ಟ್ ಆಗಿ ನೋಂದಾಯಿಸಿಕೊಂಡು, ಸಭೆಯದೇ ಪ್ಯಾನ್ ಸಂಖ್ಯೆ ಪಡೆದು ಖಾತೆ ತೆರೆಯಬೇಕು. ಲೆಕ್ಕಪರಿಶೋಧಕರೊಬ್ಬರ ಸಲಹೆ ಪಡೆಯಿರಿ.

ಸಭೆಯವರಿಂದ ಕೈಸಾಲ ಪಡೆಯಬೇಡಿ. ಸಂಬಳ ಸಾಲದಿದ್ದರೆ ಅದನ್ನು ಕಮಿಟಿಯಲ್ಲಿ ನೇರವಾಗಿ ಹೇಳಿ. ಹಾಗೆ ಹೇಳುವುದು ಸಾಲ ಕೊಟ್ಟವರ ಮನೆಯಲ್ಲಿ ಪ್ರಾರ್ಥನೆ ನಡೆಸಬೇಕಾದ ಸಂಕಟಕ್ಕಿಂತ ಹಗುರ.

7. ಧ್ವನಿ ಮತ್ತು ಓದು

ತಿಂಗಳುಗಟ್ಟಲೆ ಗಂಟಲು ಕಟ್ಟಿದ್ದರೆ ಕಷಾಯ ಕುಡಿದು ಸುಮ್ಮನಾಗಬೇಡಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲೇ. ಅಲ್ಲಿ ಧ್ವನಿಯ ತೊಂದರೆಗಳಿಗೆ ಪರೀಕ್ಷೆ ಮತ್ತು ತರಬೇತಿ ಸಿಗುತ್ತದೆ. ಕೂಗಿ ಪ್ರಸಂಗ ಮಾಡುವ ಅಭ್ಯಾಸವಿರುವವರು, ಸಣ್ಣ ಕೋಣೆಯಲ್ಲೂ ಮೈಕ್ ಬಳಸಿ ಗಂಟಲನ್ನು ಉಳಿಸಿಕೊಳ್ಳುವುದು ಮೇಲು.

ಪ್ರಸಂಗಕ್ಕೆ ಉಪಯೋಗವಾಗುತ್ತದೆಯೇ ಎಂದು ನೋಡದೆ ಓದುವ ಒಂದು ಪುಸ್ತಕ ಸದಾ ಕೈಯಲ್ಲಿರಲಿ. ಚರಿತ್ರೆಯಾಗಲಿ, ಕಾದಂಬರಿಯಾಗಲಿ, ಕೃಷಿಯದ್ದಾಗಲಿ ಆದೀತು. ಅಧ್ಯಯನವನ್ನು ಮುಂದುವರಿಸುವ ಆಸೆಯಿದ್ದರೆ, ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಮತ್ತು ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜುಗಳಲ್ಲಿ ವಿಚಾರಿಸಿ, ರಜೆಯ ಏರ್ಪಾಡನ್ನು ಕಮಿಟಿಯೊಡನೆ ಒಂದು ವರ್ಷ ಮೊದಲೇ ಮಾತನಾಡಿಕೊಳ್ಳಿ.

8. ಆರು ತಿಂಗಳಾದ ಮೇಲೆ ಪರಿಶೀಲಿಸಿ

ಮತ್ತೆ ಎರಡು ವಾರದ ದಿನಚರಿ ಬರೆದು, ಮೊದಲಿನದರ ಪಕ್ಕದಲ್ಲಿಟ್ಟು ಹಿರಿಯರೊಡನೆ ಓದಿ. ಎಷ್ಟು ಬಿಡುವಿನ ದಿನಗಳು ಉಳಿದವು, ಹಂಚಿದ ಕೆಲಸಗಳಲ್ಲಿ ಯಾವುವು ಮರಳಿ ಬಂದವು ಎಂಬುದನ್ನು ಬರೆದಿಡಿ. ಎಲ್ಲವೂ ಒಂದೇ ಸಲಕ್ಕೆ ನೆಲೆಗೊಳ್ಳುವುದಿಲ್ಲ. ಒಂದು ವಾರ ತಪ್ಪಿದ್ದಕ್ಕೆ ಏರ್ಪಾಡನ್ನೇ ಕೈಬಿಡಬೇಡಿ.

ಕಮಿಟಿ ಬಿಡುವಿನ ನಿರ್ಣಯಕ್ಕೆ ಒಪ್ಪದಿದ್ದರೆ ಜಗಳವಾಡದೆ ಮೂರು ತಿಂಗಳ ಮಟ್ಟಿಗೆ ಪ್ರಯೋಗವಾಗಿ ಕೇಳಿ. ಅದಕ್ಕೂ ಒಪ್ಪದಿದ್ದರೆ ಮೇಲಧಿಕಾರಿಗಳಿಗೆ ದಿನಚರಿಯ ಪ್ರತಿಯೊಡನೆ ಪತ್ರ ಬರೆಯಿರಿ, ಪತ್ರದ ಪ್ರತಿಯನ್ನು ಕಾರ್ಯದರ್ಶಿಗಳಿಗೂ ಕೊಡಿ. ವರ್ಗಾವಣೆಯಾದರೆ, ಹೊಸದಾಗಿ ಬರುವ ಪಾಲಕರಿಗೆ ಸಭೆಯ ದಾಖಲೆಗಳ ಜೊತೆಗೆ ಈ ನಿರ್ಣಯದ ಪ್ರತಿಯನ್ನೂ, ಹಂಚಿದ ಕೆಲಸಗಳು ಯಾರ ಬಳಿ ಇವೆಯೆಂಬ ಪಟ್ಟಿಯನ್ನೂ ಒಪ್ಪಿಸಿ, ಅವರನ್ನು ಆ ಹಿರಿಯರಿಗೆ ಮುಖತಃ ಪರಿಚಯಿಸಿ. ಸಭೆಯವರಿಂದ ನಂಬಿಕೆಯ ಮೇಲೆ ಕೇಳಿದ ಗುಟ್ಟುಗಳನ್ನು ಮಾತ್ರ ಆ ಪಟ್ಟಿಯಲ್ಲಿ ಬರೆಯಬೇಡಿ.